ಅಬ್ಬಿಗೇರಿಯ ಕೊನೆಯ ಸಾಲು

ಗದಗಿನಿಂದ ಹೊರಟ ಬಸ್ಸು ನಡುದಾರಿಯಲ್ಲಿ ಕೆಡಬಹುದಿತ್ತು. ಗಾಲಿ ಎರೆಮಣ್ಣಿನಲ್ಲಿ ಹೂತುಹೋಗಬಹುದಿತ್ತು. ಗಾಳಿಗೆ ನನ್ನ ಹೊಸ ಟೋಪಿ ಹಾರಬಹುದಿತ್ತು. ತೊಡೆಯ ಮೇಲಿನ ಹಬ್ಬದ ಪಾಯಸ, ಸುರಕುಂಬದ ಡಬ್ಬಿ ಚೆಲ್ಲಿ ಪಕ್ಕದವರ ಧೋತರ ಹಾಳಾಗಬಹುದಿತ್ತು. ದಾರಿಯುದ್ದಕ್ಕೂ ಇದೇ ಜಪ. ಒಂದೂ ಆಗಲಿಲ್ಲ.

ಅಬ್ಬಿಗೇರಿಯಲ್ಲಿ ನಮ್ಮವರ ಮನೆಗಳು ಬೆರಳೆಣಿಕೆಯಷ್ಟಿದ್ದ ಕಾಲದಿಂದ ರಂಜಾನ್ ಹಬ್ಬದ ನಮಾಜಿಗೆ ಇಲ್ಲಿಗೇ ಬರುತ್ತೇನೆ. ನಾನು ಬಾರದೆ ಸಾಲು ತುಂಬುತ್ತಿರಲಿಲ್ಲ. ಅದಕ್ಕೇ ಬಸ್ಸು ಬರುವವರೆಗೆ ಎಲ್ಲರೂ ಕಾಯುತ್ತಿದ್ದರು. ಗೌಡರ ಮನೆಯಿಂದ ತಂದ ಒಂದೇ ಜಮಖಾನೆಯ ಮೇಲೆ, ಇಮಾಮರ ಬೆನ್ನ ಹಿಂದೆಯೇ ನನ್ನ ಜಾಗ.

ಈ ಸಲ ಇಳಿದು ನೋಡಿದರೆ ಬಯಲ ತುಂಬ ಬಿಳಿ ಟೋಪಿಗಳು. ಜಮಖಾನೆ ಸಾಲದೆ ಜೋಳದ ಚೀಲ ಹಾಸಿದ್ದರು. ಎಲ್ಲರೂ ಆಗಲೇ ನಮಾಜಿಗೆ ನಿಂತಿದ್ದರು. ಕೊನೆಯ ಸಾಲಿನಲ್ಲಿ, ಬಿಟ್ಟ ಚಪ್ಪಲಿಗಳ ಪಕ್ಕ, ನಾನೂ ಸೇರಿಕೊಂಡೆ.

ಮುಗಿದ ಮೇಲೆ ತಂಗಿಯ ಗಂಡ ಮೌಲಾಸಾಬ ಬಂದು ಅಪ್ಪಿಕೊಂಡ. "ಭಾವಾ, ನೋಡ್ರಿ, ಎಷ್ಟ ಮಂದಿ ಆಗೇವಿ! ಪಿಂಜಾರರು, ಗಿರಣಿ ಕೆಲಸದವರು, ಎಲ್ಲಾ ಇಲ್ಲೇ ಮನಿ ಮಾಡ್ಯಾರ."

"ಭಾಳ ಚಲೋ ಆತು," ಅಂದೆ. ಅಂದದ್ದು ಬಾಯಿ. ಕಣ್ಣು ಮಾತ್ರ ಮುಂದಿನ ಸಾಲಿನಲ್ಲಿ ನನ್ನ ಜಾಗ ಹಿಡಿದಿದ್ದ ಅತ್ತರಿನ ಗಡ್ಡದವನ ಮೇಲೇ ಇತ್ತು.

"ಮತ್ತ ನೀವೇನ್ರಿ, ಹಿಂದ ಚಪ್ಪಲಿ ಕಾಯಾಕ ನಿಂತಿದ್ರಿ?" ಎಂದು ಅವನು ನಕ್ಕ. ನಾನೂ ನಕ್ಕು ಚಪ್ಪಲಿ ಮೆಟ್ಟಿಕೊಂಡೆ.

ಈಗ ಬೇವಿನ ಮರದ ಕೆಳಗೆ ವಾಪಸು ಬಸ್ಸಿಗೆ ಕಾದು ಕೂತಿದ್ದೇನೆ. ಬೆಳಗಿನ ಬಸ್ಸೇನೂ ತಡಮಾಡಿರಲಿಲ್ಲ, ಎಂದಿನ ಹೊತ್ತಿಗೇ ಬಂದಿತ್ತು. ಯಾರೂ ಕಾದಿರಲಿಲ್ಲ, ಅಷ್ಟೇ.