ಪೆಟ್ಟಿಗೆಯ ತಳದ ಬೊಟ್ಟು

ನಮ್ಮ ಶಾಮ್‌ಬರ್ಗಿನ ರಾಜಶೇಖರ್ ಎಂಥ ಪುಕ್ಕಲ ಅಂದರೆ, ಹೈವೇಯಲ್ಲಿ ತನ್ನ ಎಕ್ಸಿಟ್ ಬರುವ ಮೂರು ಮೈಲಿ ಮೊದಲೇ ಬಲಗಡೆ ಲೇನಿಗೆ ಬಂದು ಇಂಡಿಕೇಟರ್ ಹಾಕಿಕೊಂಡು ಹೋಗುವವನು. ಅಂಥವನು ಮಿಲಿಟರಿಯವರ ಸಂಶೋಧನೆಗೆ ಕ್ಯಾಮೆರಾ ಪೆಟ್ಟಿಗೆ ಮಾಡುತ್ತಿದ್ದ ಅಂದರೆ ನನಗೆ ಈಗಲೂ ನಗು ಬರುತ್ತದೆ. ನಾಲ್ಕು ಜನ ಗಗನಯಾತ್ರಿಗಳ ಜೊತೆ ನೌಕೆಯಲ್ಲಿ ಹೋಗುವ ಪೆಟ್ಟಿಗೆ. ಆರು ವರ್ಷ ಅದೇ ಅವನ ಧ್ಯಾನ.

ಅದನ್ನು ಕೊನೆಯ ಪರೀಕ್ಷೆಗೆ ಕಳಿಸುವ ದಿನವೇ ಆಯುಧಪೂಜೆ ಬಿತ್ತು. ಹೆಂಡತಿ ಪ್ರಭಾ ಬೆಳಿಗ್ಗೆ ಕಾರು, ಲ್ಯಾಪ್‌ಟಾಪ್, ಹಿಮ ತೆಗೆಯುವ ಸ್ನೋಬ್ಲೋವರ್ ಎಲ್ಲಕ್ಕೂ ಕುಂಕುಮ ಇಟ್ಟಳು. ತನ್ನ ಆರು ವರ್ಷದ ಕೂಸಾದ ಪೆಟ್ಟಿಗೆಗೆ ಮಾತ್ರ ಇಲ್ಲವಲ್ಲ ಎಂದು ಇವನ ಕರುಳು ಚುರುಕ್ಕೆಂದಿತು. ಗಂಧದಲ್ಲಿ ಕಲಸಿದ ಕುಂಕುಮವನ್ನು ಊಟದ ಡಬ್ಬಿಯಲ್ಲಿ ಅಡಗಿಸಿ ಒಯ್ದು, ಯಾರೂ ನೋಡದಾಗ ಪೆಟ್ಟಿಗೆಯ ತಳಕ್ಕೆ ಒಂದು ಬೊಟ್ಟು ಇಟ್ಟೇಬಿಟ್ಟ. ಮಿಲಿಟರಿಯವರು ಅದನ್ನು ಕುಲುಕಿದರು, ಕಾಯಿಸಿದರು. ತಳ ಮಾತ್ರ ನೋಡಲಿಲ್ಲ.

ನೌಕೆ ಹಾರಿದ ನಾಲ್ಕನೇ ದಿನ ಗಗನಯಾತ್ರಿಯೊಬ್ಬಳು ಪೆಟ್ಟಿಗೆ ತಿರುಗಿಸಿ, ಕೆಂಪಗೆ ಏನೋ ಸೋರಿದೆ ಎಂದಳು. ತಕ್ಷಣ ವಿಡಿಯೊ ಮೀಟಿಂಗ್. ಅದೇನೆಂದು ಹತ್ತು ನಿಮಿಷದಲ್ಲಿ ಗೊತ್ತಾಗದಿದ್ದರೆ ಪೆಟ್ಟಿಗೆ ಬಂದ್ ಮಾಡಿ ಎಂದರು ಮಿಲಿಟರಿ ಕಡೆಯ ಕರ್ನಲ್. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಬಿಡದಿದ್ದರೆ ಆರು ವರ್ಷ ನೀರುಪಾಲು.

ಒಂಬತ್ತನೇ ನಿಮಿಷಕ್ಕೆ ರಾಜಶೇಖರ್ ಕೈ ಎತ್ತಿದ.

"ಅದು ಸೋರಿದ್ದಲ್ಲ ಸರ್. ಪೂಜೆ ಮಾಡಿ ನಾನೇ ಇಟ್ಟಿದ್ದು."

ಕರ್ನಲ್ ಬರೆದುಕೊಳ್ಳಲು ಪೆನ್ನು ಎತ್ತಿಕೊಂಡರು. "ಬೇರೆ ಏನಾದರೂ ಇಟ್ಟಿದ್ದೀರಾ?"

"ನಿಂಬೆಹಣ್ಣು ಇಡಬೇಕು ಅಂತಿದ್ದೆ ಸರ್. ಜಾಗ ಇರಲಿಲ್ಲ."

ಪೆಟ್ಟಿಗೆ ಬಂದ್ ಆಗಲಿಲ್ಲ. ಹನ್ನೊಂದು ದಿನ ಚೊಕ್ಕವಾಗಿ ಕೆಲಸ ಮಾಡಿತು. ಇವನು ಮಾತ್ರ ಆಫೀಸಿನ ಮೇಜು ಖಾಲಿ ಮಾಡಿಟ್ಟು, ಇವತ್ತು ತೆಗೆದುಹಾಕುತ್ತಾರೆ, ನಾಳೆ ತೆಗೆದುಹಾಕುತ್ತಾರೆ ಎಂದು ಊಟ ನಿದ್ದೆ ಬಿಟ್ಟ. ನೋಡಿ ಅಯ್ಯೋ ಪಾಪ ಅನ್ನಿಸುತ್ತಿತ್ತು.

ಮಿಲಿಟರಿಯವರಿಂದ ಬಂದದ್ದು ಬೇರೆಯೇ ಕಾಗದ. ಕೆಲಸ ಮಾಡಿದ ಪೆಟ್ಟಿಗೆಯಲ್ಲಿ ಏನೇನಿತ್ತೋ ಮುಂದಿನದರಲ್ಲೂ ಚಾಚೂ ತಪ್ಪದೆ ಅದೇ ಇರಬೇಕಂತೆ. ಹೊಸ ನಕ್ಷೆಯಲ್ಲಿ ತಳಕ್ಕೆ ಎಂಟು ಮಿಲಿಮೀಟರಿನ ಕೆಂಪು ಬೊಟ್ಟು ಬರೆದಿತ್ತು. ಇಡಬೇಕಾದವರು, ರಾಜಶೇಖರ್. ಕುಂಕುಮವೂ ಅದೇ ಭರಣಿಯದಾಗಬೇಕು, ಬೇರೆ ಯಾರೂ ಅದನ್ನು ಮುಟ್ಟಕೂಡದು. ಇಬ್ಬರು ಮನೆಗೇ ಬಂದು ಪ್ರಭಾ ಮೈಸೂರಿನಿಂದ ತಂದಿದ್ದ ಒಂದೇ ಒಂದು ಭರಣಿಗೆ ಸೀಲು ಹಾಕಿ ಹೋದರು.

ರಾಜಶೇಖರ್ ಖುಷಿಗೆ ಅತ್ತೇಬಿಟ್ಟ. ಪ್ರಭಾ ಸೀಲು ಬಿದ್ದ ಭರಣಿಯನ್ನೇ ನೋಡುತ್ತ ನಿಂತಿದ್ದಳು.

"ಕೆಲಸ ಉಳೀತಲ್ಲ, ಸಂತೋಷ. ನಾಳೆ ಬೆಳಿಗ್ಗೆ ನನ್ನ ಹಣೆಗೆ ಕುಂಕುಮ ಬೇಕು. ಯಾವ ಕರ್ನಲ್ ಹತ್ರ ಅಪ್ಲೈ ಮಾಡ್ಲಿ, ನೀವೇ ಹೇಳ್ರೀ."