ಕೆಂಪಾದ ಹೊಸ್ತಿಲು

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಪರ್ತ್‌ನಲ್ಲಿದ್ದೆವು. ಯಜಮಾನರು ಆಸ್ಪತ್ರೆಯಲ್ಲಿ ಡಾಕ್ಟರು. ಆದರೂ ನಮ್ಮ ಮೈಬಣ್ಣ ನೋಡಿ ಮನೆ ಕೊಡಲು ಹಿಂದೆಮುಂದೆ ನೋಡಿದವರೇ ಹೆಚ್ಚು. ಕೊನೆಗೆ ಸ್ವಾನ್ ವ್ಯಾಲಿಯ ದಾರಿಯ ಪುಟ್ಟ ಊರಿನಲ್ಲಿ, ಹಿಂದೆ ಅಲ್ಲಿಗೆ ಗಡಿಪಾರಾಗಿ ಬಂದ ಕೈದಿಗಳು ಕಟ್ಟಿದ್ದೆನ್ನುವ ಹಳೆಯ ಕಲ್ಲಿನ ಮನೆಯೊಂದು ಬಾಡಿಗೆಗೆ ಸಿಕ್ಕಿತು. ಊರಿನ ಹಳೆಯ ಕಟ್ಟಡಗಳನ್ನು ಕಾಯಲು ಒಂದು ಕಮಿಟಿಯಿತ್ತು. ಒಂದು ಮೊಳೆ ಹೊಡೆದರೂ ಮನೆ ಖಾಲಿ ಮಾಡಬೇಕೆಂದು ಮಾಲೀಕರು ಮೊದಲೇ ಹೇಳಿದ್ದರು.

ನಾನು ತುಂಬಿದ ಬಸುರಿ. ಬಾಣಂತನಕ್ಕೆ ಮೈಸೂರಿನಿಂದ ಅತ್ತೆ ಬಂದಿದ್ದರು. ಆ ಸ್ಥಿತಿಯಲ್ಲಿ ಮನೆ ಹೋದರೆ ಎಲ್ಲಿಗೆ ಹೋಗುವುದು ಎಂಬ ಭಯ ನನ್ನನ್ನು ಬಿಟ್ಟಿರಲಿಲ್ಲ.

ಕಮಿಟಿಯವರು ಮನೆ ನೋಡಲು ಬರುವವರಿದ್ದರು. ಹಿಂದಿನ ದಿನ ಮಾಲೀಕರು ಗೋಡೆಗೆ, ಹೊಸ್ತಿಲ ಕಲ್ಲಿಗೆ ಸುಣ್ಣ ಬಳಿಸಿದರು. ಬೆಳಿಗ್ಗೆ ಬಾಗಿಲಿಗೆ ಬಂದು ನೋಡುತ್ತೇನೆ, ಬೆಳ್ಳಗಿದ್ದ ಹೊಸ್ತಿಲು ಕೆಂಪಗಾಗಿತ್ತು.

"ಏನ್ಮಾಡ್ಬಿಟ್ರಿ ಅತ್ತೆ?"

"ಶುಕ್ರವಾರ ಕಣೇ. ಹೊಸ್ತಿಲಿಗೆ ಅರಿಶಿನ ಹಚ್ಚದೆ ಇರಕ್ಕಾಗತ್ತಾ? ಹಸಿ ಸುಣ್ಣ ಅಂತ ನಂಗೇನು ಗೊತ್ತು."

ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುತ್ತದೆಂದು ಜೀವಮಾನವೆಲ್ಲ ಆರತಿ ನೀರು ಕಲಸಿದ ಅತ್ತೆಗೆ ಹೇಳಿಕೊಡಬೇಕೆ? ಸಿಟ್ಟು ನೆತ್ತಿಗೇರಿತು. ಹೊಸ್ತಿಲ ಒಂದು ತುದಿಗೆ ನೀರು ಹಾಕಿ ಉಜ್ಜಿದೆ. ಕೆಂಪು ಇನ್ನಷ್ಟು ಹರಡಿತು. ಅಷ್ಟರಲ್ಲಿ ಗೇಟು ಕಿರುಗುಟ್ಟಿತು.

ಮುಂದೆ ಟೋಪಿ ಹಾಕಿದ ಕಮಿಟಿಯ ಹೆಂಗಸು, ಹಿಂದೆ ಮಾಲೀಕರು. "ಇದು ರಕ್ತವೇ?" ಎಂದಳಾಕೆ. ಅಲ್ಲ, ನಮ್ಮ ಪೂಜೆ ಎಂದು ನಾನು ತೊದಲಿದೆ. "ನೂರು ವರ್ಷದ ಕಲ್ಲು ಇದು," ಎಂದಳು. ಮಾಲೀಕರು ನನ್ನ ಮುಖ ನೋಡಲಿಲ್ಲ.

ಇಂಗ್ಲಿಷ್ ಬಾರದ ಅತ್ತೆ ನನ್ನ ಹೊಟ್ಟೆಯನ್ನೂ ಆಕೆಯ ಮುಖವನ್ನೂ ನೋಡಿದರು. ಮಂಡಿಯೂರಿ ಕುಳಿತು, ಬೆಳಿಗ್ಗೆ ತಾವೇ ಇಟ್ಟಿದ್ದ ಕುಂಕುಮ, ಹೂವು ಎಲ್ಲವನ್ನೂ ಸೆರಗಿನಿಂದ ಒರೆಸತೊಡಗಿದರು. ಕಮಿಟಿಯ ಹೆಂಗಸು ಅದನ್ನು ನೋಡಿ, ಮತ್ತೊಮ್ಮೆ ಸುಣ್ಣ ಬಳಿಸಬೇಕು, ಇನ್ನೆಂದೂ ಹೀಗಾಗಕೂಡದು ಎಂದು ಮಾಲೀಕರಿಗೆ ಹೇಳಿ ಹೊರಟಳು.

ಮನೆ ಉಳಿಯಿತು. ತಿಂಗಳೊಳಗೆ ಮಗಳು ಹುಟ್ಟಿದಳು. ಆಸ್ಪತ್ರೆಯಿಂದ ಬಂದ ದಿನ ಅತ್ತೆ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿರಲಿಲ್ಲ. ಗೇಟಿನಾಚೆ ರಸ್ತೆಯಲ್ಲಿ ಕಾಯುತ್ತಿದ್ದರು. ಕಾರಿನ ಪಕ್ಕದಲ್ಲೇ ನಮಗೆ ಆರತಿ ಎತ್ತಿ, ಕೆಂಪು ನೀರು ಚೆಲ್ಲುವ ಮುನ್ನ ನನ್ನನ್ನು ಮೆಲ್ಲಗೆ ಕೇಳಿದರು:

"ರಸ್ತೆಗೆ ಚೆಲ್ಲಿದ್ರೆ ಯಾರೂ ಏನೂ ಅನ್ನಲ್ಲ ತಾನೇ?"