ಕ್ಯಾಪ್ಟನಮ್ಮನಿಗೆ ಹೇಳದೆ ಕೆರೆ ಎತ್ತಿದವರು

ಈಚೆ ದಡದ ಪೇಟೆಯಿಂದ ಆಚೆ ದಡದ ಆಸ್ಪತ್ರೆಗೆ ದೋಣಿ ನಡೆಸುತ್ತಿದ್ದ ಹೆಂಗಸನ್ನು ಊರವರು ಕ್ಯಾಪ್ಟನಮ್ಮ ಎನ್ನುತ್ತಿದ್ದರು. ಮೊದಲು ಯಾರೋ ಕುಚೋದ್ಯಕ್ಕೆ ಇಟ್ಟ ಹೆಸರು. ಆಕೆ ಅದನ್ನು ಬಿರುದೆಂದೇ ಸ್ವೀಕರಿಸಿಬಿಟ್ಟಳು. ಅವಳ ನೌಕಾಪಡೆ ಎಂದರೆ ಒಂದು ಡೀಸೆಲ್ ದೋಣಿ, ಅದರ ಮೇಲೊಂದು ತಗಡಿನ ಚಾವಣಿ, ಎರಡು ಸಾಲು ಮರದ ಬೆಂಚು, ಒಂದು ಉದ್ದನೆಯ ಗಳ. ಪಡೆ ಚಿಕ್ಕದಾದರೂ ಸೇನಾಧಿಪತಿಯ ಗಂಟಲು ದೊಡ್ಡದು. ಎಂಜಿನ್ ಕೆಟ್ಟರೆ ಆ ಗಂಟಲಿನ ಬಲದಿಂದಲೇ ದೋಣಿ ದಡ ಸೇರೀತು ಎಂದು ಜನ ನಂಬಿದ್ದರು.

ಆ ಪಟ್ಟ ಅವಳಿಗೆ ಯಾರೂ ಕಟ್ಟಿದ್ದಲ್ಲ. ಅಪ್ಪ ಮಂಡಿನೋವೆಂದು ಚುಕ್ಕಾಣಿ ಬಿಟ್ಟ ದಿನ ಇಬ್ಬರು ಅಣ್ಣಂದಿರು ದಡದಲ್ಲಿ ನಿಂತು 'ನೀನು ನಡೆಸು', 'ಇಲ್ಲ ನೀನೇ ನಡೆಸು' ಎಂದು ಒಬ್ಬರಿಗೊಬ್ಬರು ಮರ್ಯಾದೆ ಮಾಡಿಕೊಳ್ಳುತ್ತಿದ್ದರು. ಈಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಂಜಿನ್ನಿನ ಹಗ್ಗ ಎಳೆದಳು. ಅಣ್ಣಂದಿರ ತೀರ್ಮಾನ ಹೊರಬೀಳುವಷ್ಟರಲ್ಲಿ ದೋಣಿ ನಡುಗೆರೆಯಲ್ಲಿತ್ತು. ಮುಂದೆ ಪೇಟೆಯಲ್ಲಿ ಕ್ಷೌರದ ಅಂಗಡಿ ಇಟ್ಟವನನ್ನು ಮದುವೆಯಾದಳು. ದಿನವೆಲ್ಲ ಊರಿನ ತಲೆಗಳನ್ನು ಹಿಡಿದಿರುವ ಆತ ಮನೆಯ ಯಾವ ವಿಷಯಕ್ಕೂ ತಲೆ ಹಾಕುತ್ತಿರಲಿಲ್ಲವಾದ್ದರಿಂದ ಸಂಸಾರ ಸುಗಮವಾಗಿತ್ತು.

ರೋಗಿಗಳು, ರೋಗಿಗಳನ್ನು ನೋಡಲು ಹೋಗುವವರು, ರೋಗಿಗಳನ್ನು ನೋಡುತ್ತೇವೆಂದು ಮನೆಯಲ್ಲಿ ಹೇಳಿ ಆಚೆ ದಡದಲ್ಲಿ ಸಿನಿಮಾ ನೋಡಿ ಬರುವವರು, ಎಲ್ಲರೂ ಅವಳ ಪ್ರಜೆಗಳು. ಕೆರೆ ಸುತ್ತಿಕೊಂಡು ಬಸ್ಸಿನಲ್ಲಿ ಹೋದರೆ ಅರ್ಧ ದಿನ ಹಾಳು. ಹೀಗಾಗಿ ಆ ಕೆರೆಯ ಮೇಲೆ ಅವಳದೇ ದರ್ಬಾರು ನಡೆದಿತ್ತು, ಕೆರೆಗೇ ಕೈಕಾಲು ಬರುವವರೆಗೆ.

ಕೆರೆಗೆ ಕೈಕಾಲು ಬಂದದ್ದು ಹೀಗೆ. ಬೆಟ್ಟದ ನೆತ್ತಿಯ ಮೇಲೆ ಸರ್ಕಾರ ಹೊಸದೊಂದು ಕೆರೆ ಕಟ್ಟಿಸಿತು. ಮೇಲಿನದಕ್ಕೂ ಕೆಳಗಿನದಕ್ಕೂ ನಡುವೆ ಬೆಟ್ಟದ ಹೊಟ್ಟೆಯಲ್ಲಿ ಸುರಂಗ ಕೊರೆದು, ಅದರೊಳಗೆ ಮನೆಗಾತ್ರದ ಪಂಪುಗಳನ್ನು ಕೂರಿಸಿತು. ಬೆಟ್ಟದ ಆಚೆ ಪಕ್ಕದ ದೇಶ. ಅಲ್ಲಿ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿವೆ. ಗಾಳಿಗೆ ಹೊತ್ತುಗೊತ್ತು ಎಲ್ಲಿದೆ? ಯಾರಿಗೂ ಕರೆಂಟು ಬೇಡವಾದಾಗಲೇ ಹುಚ್ಚು ಹಿಡಿದಂತೆ ಬೀಸುತ್ತದೆ. ಆಗ ಮಿಕ್ಕ ಕರೆಂಟು ತಂತಿ ಹಿಡಿದು ಗಡಿ ದಾಟಿ ಇಲ್ಲಿಗೆ ಬರುತ್ತದೆ. ಪಂಪುಗಳು ಕೆಳಗಿನ ಕೆರೆಯ ನೀರನ್ನು ಮೇಲಕ್ಕೆ ಎಳೆದಿಡುತ್ತವೆ. ಸಂಜೆ ಆ ದೇಶದವರು ದೀಪ ಹಚ್ಚಿ ಒಲೆಯ ಸ್ವಿಚ್ಚು ಒತ್ತಿದಾಗ ಅದೇ ನೀರನ್ನು ಕೆಳಕ್ಕೆ ಬಿಟ್ಟು, ಕರೆಂಟು ಮಾಡಿ ವಾಪಸು ಕಳಿಸುತ್ತಾರೆ. ಅದರಲ್ಲೊಂದು ಪಾಲು ಈ ದೇಶಕ್ಕೂ ಉಂಟು. ಹೊಗೆಯಿಲ್ಲ, ಬೂದಿಯಿಲ್ಲ, ಎರಡು ದೇಶಗಳ ಸ್ನೇಹಕ್ಕೂ ಬಲ. ಬೆಟ್ಟವೇ ಬ್ಯಾಟರಿ ಎಂದು ಪತ್ರಿಕೆಗಳು ಕೊಂಡಾಡಿದವು.

ಎಲ್ಲ ಸರಿ. ಆದರೆ ಬ್ಯಾಟರಿ ತುಂಬುವಾಗ ಕ್ಯಾಪ್ಟನಮ್ಮನ ದೋಣಿಯ ಅಡಿಯಿಂದ ನೀರು ಮಾಯವಾಗುತ್ತಿತ್ತಲ್ಲ, ಅದನ್ನು ಯಾವ ಪತ್ರಿಕೆಯೂ ಬರೆಯಲಿಲ್ಲ. ಬೆಳಿಗ್ಗೆ ದೋಣಿಕಟ್ಟೆಯ ಮೇಲಿನ ಮೆಟ್ಟಿಲು ಮುಟ್ಟುತ್ತಿದ್ದ ನೀರು ಮಧ್ಯಾಹ್ನಕ್ಕೆ ಆಳು ಎತ್ತರ ಕೆಳಗೆ ಇಳಿದಿರುತ್ತಿತ್ತು. ನಡುಗೆರೆಯಲ್ಲೊಂದು ಕೆಸರಿನ ದಿನ್ನೆ ಮೊಸಳೆಯ ಬೆನ್ನಿನಂತೆ ಎದ್ದು ನಿಲ್ಲುತ್ತಿತ್ತು. ಹೊಸ ನಕಾಶೆಯಲ್ಲಿ ಅವಳ ಕೆರೆಗೆ 'ಕೆಳ ಜಲಾಶಯ' ಎಂದು ಹೆಸರಿಟ್ಟಿದ್ದರು. ಅಪ್ಪನ ಕಾಲದಿಂದ ಬರೀ ಕೆರೆಯಾಗಿದ್ದದ್ದು ಒಂದೇ ಏಟಿಗೆ 'ಕೆಳ' ಆಯಿತೆಂಬುದನ್ನೂ ಅವಳು ಕ್ಷಮಿಸಿರಲಿಲ್ಲ.

ಪಂಪು ಯಾವಾಗ ಶುರುವಾಗುತ್ತದೆ ಎಂದು ಹೇಳುವವರು ಯಾರೂ ಇರಲಿಲ್ಲ. ಆದರೆ ದೇವರು ದೊಡ್ಡವನು, ಅವಳ ತಂಗಿಯನ್ನು ಬೆಟ್ಟದಾಚೆ ಪಕ್ಕದ ದೇಶಕ್ಕೇ ಮದುವೆ ಮಾಡಿಕೊಟ್ಟಿದ್ದರು. ಕ್ಯಾಪ್ಟನಮ್ಮ ಪ್ರತಿ ಟ್ರಿಪ್ಪಿಗೆ ಮುಂಚೆ ಅವಳಿಗೆ ಫೋನ್ ಮಾಡುತ್ತಿದ್ದಳು.

"ಏನೇ, ಬಟ್ಟೆ ಒಣಹಾಕಿದ್ಯಾ?"

"ಹಾಕಿದೀನಿ. ನಮ್ಮ ಯಜಮಾನ್ರ ಪ್ಯಾಂಟು ಓಡ್ತಾ ಇದೆ. ಒಳಗೆ ಅವ್ರಿದ್ದಾಗಲೂ ಇಷ್ಟು ಜೋರಾಗಿ ಓಡಿದ್ದು ನಾನು ನೋಡಿಲ್ಲ."

ಪ್ಯಾಂಟು ಓಡಿದರೆ ಗಾಳಿ ಜೋರು. ಗಾಳಿ ಜೋರಾದರೆ ಪಂಪು ಶುರು. ಪಂಪು ಶುರುವಾದರೆ ದೋಣಿ ಕಟ್ಟಿಹಾಕಬೇಕು. ಹೀಗೆ ಒಂದು ದೇಶದ ಜಲಸಾರಿಗೆ ಇನ್ನೊಂದು ದೇಶದ ಬಟ್ಟೆಯ ತಂತಿಯ ಮೇಲೆ ನಡೆಯತೊಡಗಿತು. ಫೋನ್ ಇಡುವ ಮುಂಚೆ ಅಕ್ಕ ತಪ್ಪದೆ ಒಂದು ಮಾತು ಬಯ್ಯುತ್ತಿದ್ದಳು: "ನಿಮ್ಮ ಊರಿನ ಜನ ನನ್ನ ಕೆರೆ ಕುಡೀತಾ ಇದಾರೆ ಕಣೇ."

"ಅಯ್ಯೋ, ನಾವೆಲ್ಲಿ ಕುಡಿದ್ವಿ? ನಮ್ಮ ನಲ್ಲೀಲೇ ನೀರಿಲ್ಲ!"

ಒಂದು ದಿನ ಅವಳು ದೋಣಿಯನ್ನು ಕಟ್ಟಿಹಾಕಿ, ವಿದ್ಯುದಾಗಾರದ ಕಂಟ್ರೋಲ್ ರೂಮಿಗೇ ದಂಡೆತ್ತಿ ಹೋದಳು. ಬೆಟ್ಟದ ಬುಡದಲ್ಲಿ ಎ.ಸಿ. ಕೋಣೆ, ಗೋಡೆಯ ತುಂಬ ಪರದೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಆಪರೇಟರ್ ಎದ್ದು ನಿಂತು ಕುರ್ಚಿ ತೋರಿಸಿದ. ಒಳ್ಳೆಯ ಮನುಷ್ಯ, ಒಳ್ಳೆಯವರ ಮೇಲೆ ಸಿಟ್ಟಾಗುವುದು ಕಷ್ಟವೆಂದು ಅವಳು ಕುಳಿತುಕೊಳ್ಳಲಿಲ್ಲ.

"ಅಕ್ಕಾ, ನೀರನ್ನ ಯಾರೂ ತಗೊಂಡು ಹೋಗಲ್ಲ. ಮೇಲೆ ಹೋಗತ್ತೆ, ಸಂಜೆ ವಾಪಸ್ ಬರತ್ತೆ. ಒಂದು ಬಿಂದಿಗೆನೂ ಗಡಿ ದಾಟಲ್ಲ. ದಾಟೋದು ಬರೀ ಕರೆಂಟು," ಎಂದ.

ಅವಳಿಗೆ ಇದು ಹೊಸ ಸುದ್ದಿ. ಇಷ್ಟು ದಿನ ತಂಗಿಯ ದೇಶಕ್ಕೆ ಬಯ್ದದ್ದೆಲ್ಲ ದಂಡವಾಯಿತು. ಹಾಗೆಂದು ಬೈಗುಳವನ್ನು ಹಿಂದಕ್ಕೆ ಪಡೆಯುವ ಜಾಯಮಾನ ಅವಳದಲ್ಲ. ಅದರ ಮುಖ ಮಾತ್ರ ಆಪರೇಟರನ ಕಡೆ ತಿರುಗಿಸಿದಳು.

"ವಾಪಸ್ ಬರತ್ತಾ? ಒಳ್ಳೇದು. ಈಗ ನಿಮ್ಮ ಕುರ್ಚಿ ಎಳ್ಕೋತೀನಿ. ಸಂಜೆ ವಾಪಸ್ ಕೊಡ್ತೀನಿ. ಅಲ್ಲೀವರೆಗೂ ಹಂಗೇ ಕೂತ್ಕೊಂಡಿರಿ."

ಆಪರೇಟರ್ ನಕ್ಕ. ಅವಳು ನಗಲಿಲ್ಲ.

"ಪಂಪು ಹಾಕೋಕೆ ಮುಂಚೆ ಪಕ್ಕದ ದೇಶಕ್ಕೆ ಫೋನ್ ಮಾಡ್ತೀರಲ್ಲಪ್ಪ?"

"ಮಾಡಲೇಬೇಕಲ್ಲಕ್ಕ."

"ಬೆಟ್ಟದ ಆಚೆ ಇರೋರಿಗೆ ಮಾಡ್ತೀರಿ. ಕಿಟಕಿ ತೆಗೆದು ಕೂಗಿದ್ರೆ ಕೇಳ್ಸೋ ದೂರದಲ್ಲಿರೋ ನಂಗೆ ಮಾಡೋಕೆ ಕೈ ಸವೆಯತ್ತಾ? ಒಂದೇ ಒಂದು ಫೋನು. 'ನೀರು ಎಳೀತಿದ್ದೀವಿ' ಅಂತ. ನಾನು ಪಂಪು ನಿಲ್ಸಿ ಅಂದ್ನಾ? ಹೇಳಿ ಅಂದೆ."

"ಯಾರಿಗೆ ಹೇಳ್ಬೇಕು ಅನ್ನೋದು ಮೇಲಿನವರು ಗೊತ್ತು ಮಾಡ್ತಾರಕ್ಕ. ನೀವು ಅದರಲ್ಲಿ ಬರಲ್ಲ."

ಕೆರೆಯ ಮೇಲೆ ಇರುವವಳು ಒಬ್ಬಳೇ, ಕೆರೆಯ ಸುದ್ದಿ ಕೇಳುವ ಅರ್ಹತೆ ಇಲ್ಲದವಳೂ ಅವಳೊಬ್ಬಳೇ. ಬೆಟ್ಟ ಇಳಿಯುವ ದಾರಿಯುದ್ದಕ್ಕೂ ಅವಳು ಇದನ್ನು ಗಟ್ಟಿಯಾಗಿ ಹೇಳಿಕೊಂಡು ಬಂದಳಂತೆ; ಎದುರು ಬಂದ ಸೈಕಲ್ಲಿನವನು ತನಗೇ ಬಯ್ಯುತ್ತಿದ್ದಾಳೆಂದು ಇಳಿದು ದಾರಿ ಬಿಟ್ಟನಂತೆ.

ಇದರ ಮೇಲೆ ಬಂತು ಇನ್ನೊಂದು ಬರೆ. ಜಲಸಾರಿಗೆ ಕಚೇರಿಯ ಸಾಹೇಬರು ದೋಣಿಕಟ್ಟೆಗೆ ಬಂದು ನಿಂತರು. ಇಸ್ತ್ರಿ ಮುರಿಯದ ಅಂಗಿ, ಮುಖ ಕಾಣುವಷ್ಟು ಹೊಳೆಯುವ ಬೂಟು.

"ನಿಮ್ಮ ದೋಣಿ ಹೊತ್ತಿಗೆ ಸರಿಯಾಗಿ ಹೋಗಲ್ಲ ಅಂತ ದೂರು ಬಂದಿದೆಯಮ್ಮ. ಒಮ್ಮೊಮ್ಮೆ ಬೇಗ, ಒಮ್ಮೊಮ್ಮೆ ಹೋಗೋದೇ ಇಲ್ಲ. ನಾಳೆ ನಾನೇ ಹತ್ತಿ ನೋಡ್ತೀನಿ. ವೇಳಾಪಟ್ಟಿ ತಪ್ಪಿದ್ರೆ ಲೈಸೆನ್ಸ್ ರದ್ದು. ಬಸ್ಸಿದೆಯಲ್ಲ, ಜನ ಹೋಗ್ಲಿ."

ಕೆರೆ ಕಿತ್ತುಕೊಂಡವರೂ ಸರ್ಕಾರದವರೇ, ಕೆರೆಯಿಲ್ಲದೆ ದೋಣಿ ಯಾಕೆ ಹೋಗಲಿಲ್ಲ ಎಂದು ಕೇಳುವವರೂ ಸರ್ಕಾರದವರೇ! ಆ ರಾತ್ರಿಯ ಊಟದಲ್ಲಿ ಗಂಡ ಅಪರೂಪಕ್ಕೆ ಬಾಯಿ ತೆರೆದು, "ನಾಳೆ ಸ್ವಲ್ಪ ತಾಳ್ಮೆಯಿಂದ ಮಾತಾಡು," ಎಂದ. ಅವಳು ಅವನ ತಟ್ಟೆಗೆ ಸಾರು ಹಾಕಿದ ರಭಸಕ್ಕೆ ಮುಂದಿನ ಸಲಹೆ ಒಳಗೇ ಉಳಿಯಿತು.

ಮರುದಿನ ಬೆಳಿಗ್ಗೆ ಅವಳು ತಂಗಿಗೆ ಫೋನ್ ಮಾಡಿದಳು.

"ಇವತ್ತು ಎಲೆನೂ ಅಲ್ಲಾಡ್ತಿಲ್ಲ ಕಣಕ್ಕ. ಪ್ಯಾಂಟು ಹೆಣದ ಹಂಗೆ ನೇತಾಡ್ತಿದೆ. ಧೈರ್ಯವಾಗಿ ಹೋಗು."

ಕ್ಯಾಪ್ಟನಮ್ಮನ ಎದೆ ದೋಣಿಯಷ್ಟು ಅಗಲವಾಯಿತು. ಅಂದು ಪ್ರಯಾಣಿಕರು ಇಬ್ಬರೇ. ಒಬ್ಬರು ಸಾಹೇಬರು. ಇನ್ನೊಬ್ಬರು ಹೊಸ ಹಲ್ಲುಸೆಟ್ಟು ಕೂರಿಸಿಕೊಳ್ಳಲು ಆಸ್ಪತ್ರೆಗೆ ಹೊರಟಿದ್ದ ಒಬ್ಬ ಅಜ್ಜಿ. ಕಟ್ಟೆಯ ಕಲ್ಲುಗಳ ಮೇಲೆ ಒಂದು ಗೇಣು ಒದ್ದೆ ಗುರುತು ಮೂಡಿತ್ತು. ನೀರು ಇಳಿಯುತ್ತಿದೆ ಎಂದೇ ಅದರ ಅರ್ಥ. ಅವಳೂ ಅದನ್ನು ನೋಡಿದಳು. ಕಣ್ಣೆದುರಿನ ಕಲ್ಲಿಗಿಂತ ಒಡಹುಟ್ಟಿದವಳ ಮಾತು ದೊಡ್ಡದೆಂದು ಸುಮ್ಮನಾದಳು. ಹೋಗಲಿ, ಆಗಲೇ ಹೊರಟಿದ್ದರೂ ದಾಟಿಬಿಡಬಹುದಿತ್ತು. ಸಾಹೇಬರು ಕೈಗಡಿಯಾರ ನೋಡುತ್ತ, ಫ್ಲಾಸ್ಕಿನಿಂದ ಒಂದರ ಮೇಲೊಂದು ಲೋಟ ಕಾಫಿ ಕುಡಿಯುತ್ತ, "ಇನ್ನೂ ಹೊತ್ತಾಗಿಲ್ಲ, ಇನ್ನೂ ಹೊತ್ತಾಗಿಲ್ಲ," ಎಂದು ಕೂರಿಸಿಕೊಂಡರು.

ಹೊತ್ತಾದ ಮೇಲೆ ಹೊರಟ ದೋಣಿ ನಡುಗೆರೆಯಲ್ಲಿ ಒಮ್ಮೆ ಬಿಕ್ಕಳಿಸಿ, ಕೆಸರಿನ ದಿನ್ನೆಯ ಮೇಲೆ ಹಾಯಾಗಿ ಕೂತುಬಿಟ್ಟಿತು. ಗಳ ಹಾಕಿ ತಳ್ಳಿದರೆ ಗಳ ಇಳಿಯಿತು, ದೋಣಿ ಅಲ್ಲಾಡಲಿಲ್ಲ.

"ಬಂತಾ ಆಸ್ಪತ್ರೆ?" ಎಂದರು ಅಜ್ಜಿ.

ಕ್ಯಾಪ್ಟನಮ್ಮ ತಂಗಿಗೆ ಫೋನ್ ಹಚ್ಚಿ ಕಿರುಚಿದಳು. "ಗಾಳಿ ಇಲ್ಲ ಅಂದ್ಯಲ್ಲೇ ಪಾಪಿ!"

"ಗಾಳಿ ಇಲ್ಲವಲ್ಲಕ್ಕ! ಬಿಸಿಲು ಮಾತ್ರ ಬೆಂಕಿ. ಓ... ನಮ್ಮ ಮನೆ ಹಿಂದಿನ ಗುಡ್ಡಕ್ಕೆಲ್ಲ ಸೋಲಾರ್ ಹಾಸಿದಾರೆ. ಮೊನ್ನೆ ಉದ್ಘಾಟನೆ ಆಯ್ತು. ನಾನೂ ಹೋಗಿದ್ದೆ. ಊಟ ಚೆನ್ನಾಗಿತ್ತು."

ಸಾಹೇಬರ ಮುಖದಲ್ಲಿ ಹುಣ್ಣಿಮೆ. "ವೇಳಾಪಟ್ಟಿ ತಪ್ಪಿತು. ನಾನೇ ಸಾಕ್ಷಿ. ಮುಗೀತು ನಿಮ್ಮ ಲೈಸೆನ್ಸು," ಎಂದರು. ಆಮೇಲೆ ಗತ್ತಿನಿಂದ ಕಂಟ್ರೋಲ್ ರೂಮಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದರು. "ನಾನು ಜಲಸಾರಿಗೆಯಿಂದ. ಪಂಪು ನಿಲ್ಸಿ. ನಾನು ಕೆರೆ ಮಧ್ಯ ಇದ್ದೀನಿ."

"ಆಗಲ್ಲ ಸಾರ್," ಆಪರೇಟರನ ದನಿ. "ಒಪ್ಪಂದ ಆಗಿದೆ. ಆಚೆ ಬಿಸಿಲು ಇಳಿಯೋವರೆಗೂ ಆ ಕರೆಂಟು ನಾವು ತಗೊಳ್ಳಲೇಬೇಕು. ಸಂಜೆ ನೀರು ಬಿಡ್ತೀವಿ ಸಾರ್. ವಾಪಸ್ ಬರತ್ತೆ."

"ಸಂಜೆಯಾ?"

"ಹಂಗೇ ಕೂತ್ಕೊಂಡಿರಿ ಸಾರ್," ಎಂದಳು ಕ್ಯಾಪ್ಟನಮ್ಮ.

ತಗಡಿನ ಚಾವಣಿ ಕಾಯತೊಡಗಿತು. ಅಜ್ಜಿ ಬೆಂಚಿನ ಮೇಲೆ ಕಾಲು ಚಾಚಿ ಮಲಗಿದರು. ನೀರು ಇನ್ನಷ್ಟು ದೂರ ಸರಿದು, ಸುತ್ತಲೂ ಕಪ್ಪು ಕೆಸರು ಹೊಳೆಯಿತು. ಸಾಹೇಬರು ಮೊದಲು ಕಾಲ ಮೇಲೆ ಕಾಲು ಹಾಕಿದರು. ಆಮೇಲೆ ಕಾಲು ಬದಲಿಸಿದರು. ಆಮೇಲೆ ಎದ್ದು ನಿಂತರು, ಕೂತರು, ಮತ್ತೆ ಎದ್ದರು. ಬೆಳಗಿನ ಕಾಫಿ ತನ್ನ ವೇಳಾಪಟ್ಟಿಯನ್ನು ಚಾಚೂ ತಪ್ಪದೆ ಪಾಲಿಸುತ್ತಿತ್ತು.

ಅಜ್ಜಿ ಒಂದು ಕಣ್ಣು ತೆರೆದು, ಹಲ್ಲಿಲ್ಲದ ಬಾಯಲ್ಲಿ, "ಹೋಗಪ್ಪ, ಹೋಗು. ನಾನು ಆರು ಗಂಡುಮಕ್ಕಳನ್ನ ಸಾಕಿದೋಳು. ಈ ಕಡೆ ತಿರುಕ್ಕೋತೀನಿ," ಎಂದರು.

ಸಾಹೇಬರು ದೋಣಿಯ ಹಿಂಬದಿಯಿಂದ ಇಳಿದರು. ಮೊದಲ ಹೆಜ್ಜೆಗೆ ಮಂಡಿಯವರೆಗೆ ಹೂತರು, ಎರಡನೆಯದಕ್ಕೆ ತೊಡೆಯವರೆಗೆ. ಕೆಲಸ ಮುಗಿದ ಮೇಲೆ ಏಳಲಾಗಲಿಲ್ಲ. ಕ್ಯಾಪ್ಟನಮ್ಮ ಗಳ ಚಾಚಿದಳು. ಸಾಹೇಬರು ಬಂದರು, ಬೂಟುಗಳು ಬರಲಿಲ್ಲ. ಇಸ್ತ್ರಿ ಅಂಗಿಯ ಮೇಲೆ ಕೆಸರು, ಕಾಲಲ್ಲಿ ಒಂದೇ ಕಾಲುಚೀಲ, ಕಣ್ಣಲ್ಲಿ ನೀರು. ಅದು ದುಃಖದ್ದಲ್ಲ, ಸಿಟ್ಟಿನದು. ಆ ಸಿಟ್ಟು ಎಂಥದೆಂದು ಕ್ಯಾಪ್ಟನಮ್ಮನಿಗೆ ನೋಡಿದೊಡನೆ ತಿಳಿಯಿತು. ಅದು ಅವಳ ಎದೆಯಲ್ಲಿ ಪಂಪು ಬಂದ ದಿನದಿಂದ ಬಾಡಿಗೆ ಕೊಡದೆ ವಾಸವಾಗಿದ್ದದ್ದೇ.

ಸಾಹೇಬರು ಮತ್ತೆ ಫೋನ್ ತೆಗೆದರು.

"ಪಂಪು ಹಾಕೋಕೆ ಮುಂಚೆ ಯಾರ್ಯಾರಿಗೆ ಹೇಳಿದ್ರಿ?"

"ಪಕ್ಕದ ದೇಶದವರಿಗೆ ಸಾರ್. ಮೇಲಿನ ಕೆರೆ ಕಾವಲಿನವನಿಗೆ. ಮೀನು ಸಾಕಣೆ ಕೇಂದ್ರಕ್ಕೆ."

"ಮೀನಿಗೆ ಹೇಳಿದ್ರಾ?"

"ನೀರು ಇಳಿದ್ರೆ ಅವುಗಳಿಗೆ ಗಾಬರಿ ಆಗತ್ತೆ ಸಾರ್."

"ಮೀನಿಗೆ ಗಾಬರಿ ಆಗತ್ತೆ! ನಾನು ಇಲ್ಲಿ ತೊಡೆವರೆಗೂ ಕೆಸರಲ್ಲಿ... ಒಂದು ದೋಣಿ ಓಡ್ತಾ ಇದೆ ಅಂತ ನಿಮಗೆ ಗೊತ್ತಿಲ್ವೇನ್ರೀ? ಒಂದು ಫೋನು ಮಾಡೋಕೆ ಏನು ರೋಗ? ನಾವೇನು ಪಂಪು ನಿಲ್ಸಿ ಅಂದ್ವಾ?"

'ನಾವು' ಎಂದರು ಸಾಹೇಬರು. ಕ್ಯಾಪ್ಟನಮ್ಮ ತನ್ನ ಟವೆಲನ್ನು ಅವರ ಕೈಗೆ ಕೊಟ್ಟಳು.

ಸಂಜೆ ಆಚೆ ದೇಶದಲ್ಲಿ ದೀಪಗಳು ಹತ್ತಿದವು. ಬೆಟ್ಟದ ಹೊಟ್ಟೆ ಗುಡುಗಿತು, ಕೆಸರಿನ ಮೇಲೆ ನೀರು ನಾಲಿಗೆ ಚಾಚುತ್ತ ಬಂತು. ದೋಣಿ ಒಮ್ಮೆ ಮಗ್ಗುಲು ಬದಲಿಸಿ ತೇಲಿತು. ಹಲ್ಲಿನ ಡಾಕ್ಟರು ಮನೆಗೆ ಹೋಗಿಯಾಗಿತ್ತು. ಇದೊಂದನ್ನು ಯಾವ ನೀರೂ ವಾಪಸು ತರಲಿಲ್ಲ. ಮುಂದಿನ ಸರದಿ ಸಿಗುವವರೆಗೆ ಅಜ್ಜಿ ಗಂಜಿಯಲ್ಲೇ ಕಾಲ ಕಳೆದರು. ಅದನ್ನು ಹೇಳುವಾಗ ಕ್ಯಾಪ್ಟನಮ್ಮನಿಗೆ ಇವತ್ತಿಗೂ ಮೈ ಉರಿಯುತ್ತದೆ. ಒಬ್ಬ ಸಾಹೇಬರ ಬೂಟು ಹೋದ ಮೇಲೆ ತಾನೇ ಇವರಿಗೆ ಬುದ್ಧಿ ಬಂದದ್ದು? ಇಷ್ಟು ದಿನ ಬಸುರಿಯರು, ಮುರಿದ ಕೈಯವರು ಕಟ್ಟೆಯಲ್ಲಿ ಕೂತು ಕಾದದ್ದು ಯಾರ ಕಣ್ಣಿಗೂ ಬೀಳಲಿಲ್ಲವೇ?

ಲೈಸೆನ್ಸು ಉಳಿಯಿತು. ಸ್ವಲ್ಪ ದಿನಗಳ ಮೇಲೆ ಒಂದು ಬೆಳಿಗ್ಗೆ, ದರ್ಜಿಯೊಬ್ಬ ತನ್ನ ಕಾಲುತುಳಿತದ ಹೊಲಿಗೆ ಯಂತ್ರವನ್ನು ದೋಣಿಗೆ ಏರಿಸಲು ಹೆಣಗುತ್ತಿದ್ದಾಗ, ಅವಳ ಫೋನು ಬಡಿದುಕೊಂಡಿತು.

"ಕ್ಯಾಪ್ಟನಮ್ಮಾ, ಕಂಟ್ರೋಲ್ ರೂಮಿಂದ. ಆಚೆ ಗಾಳಿ ಜೋರು ಅಂತೆ. ಅರ್ಧ ಗಂಟೇಲಿ ಪಂಪು ಹಾಕ್ತಿದ್ದೀವಿ. ನಿಮಗೆ ತೊಂದರೆ ಇಲ್ವಲ್ಲ?"

ಅವಳು ದರ್ಜಿಯನ್ನು ನೋಡಿದಳು. ಯಂತ್ರದ ಒಂದು ಕಾಲು ದೋಣಿಯಲ್ಲಿತ್ತು, ಮೂರು ಕಾಲು ಕಟ್ಟೆಯಲ್ಲಿದ್ದವು. ಅವಳು ಬೆಂಚಿನ ಮೇಲೆ ಕೂತು, ಸೆರಗಿನಿಂದ ನಿಧಾನವಾಗಿ ಮುಖ ಒರೆಸಿಕೊಂಡಳು.

"ಇರಪ್ಪ," ಎಂದಳು. "ಇಲ್ಲಿ ಸ್ವಲ್ಪ ಕೆಲಸ ಇದೆ. ಮುಗಿದ ಮೇಲೆ ನಾನೇ ಫೋನ್ ಮಾಡ್ತೀನಿ. ಆಚೆ ದೇಶದವರಿಗೂ ಸ್ವಲ್ಪ ಕಾಯೋಕೆ ಹೇಳು."